ಕೋಬಾ, ಪತ್ರಾ, ಹಂಚು: ಮುಂಬೈ ಮಳೆಗೆ ಎಷ್ಟು ವಾಟ ಬೇಕು?

ಏಪ್ರಿಲ್ ಶುರುವಾದರೆ ಸಾಕು, ಡೊಂಬಿವಲಿಯಿಂದ ದಹಿಸರ್ ತನಕ ಸೊಸೈಟಿ ಮೀಟಿಂಗುಗಳಲ್ಲಿ ಒಂದೇ ಮಾತು: ಟೆರೇಸ್ ಸೋರುತ್ತಿದೆ, ಏನು ಮಾಡೋಣ? ಮೂರು ಕಾಂಟ್ರಾಕ್ಟರುಗಳನ್ನು ಕರೆದರೆ ಮೂರು ದಾರಿ ಹೇಳುತ್ತಾರೆ. ಒಬ್ಬ ಹೊಸ ಕೋಬಾ, ಅಂದರೆ ಇಟ್ಟಿಗೆ ಚೂರು-ಗಾರೆಯ ಪದರ, ಹಾಕೋಣ ಅನ್ನುತ್ತಾನೆ. ಇನ್ನೊಬ್ಬ ಮೇಲೆ ಕೋಟಿಂಗ್ ಬಳಿದರೆ ಸಾಕು ಅನ್ನುತ್ತಾನೆ. ಮೂರನೆಯವನು ಇಡೀ ಟೆರೇಸಿಗೆ ಪತ್ರಾ, ಅಂದರೆ ತಗಡಿನ ಶೀಟು, ಹೊದಿಸಿಬಿಡಿ ಅನ್ನುತ್ತಾನೆ. ವಾಟ, ಅಂದರೆ ನೀರು ಹರಿಯಲು ಇಳಿಜಾರು, ಎಷ್ಟು ಕೊಡ್ತೀರಿ ಅಂತ ಕೇಳಿ ನೋಡಿ. ಮೂವರದೂ ಒಂದೇ ಉತ್ತರ: "ಸಾಬ್, ಪಾನಿ ನಿಕಲ್ ಜಾಯೇಗಾ."

ನೀರು ಹೋಗೇ ಹೋಗುತ್ತೆ. ಪೈಪಿನ ಕಡೆಗೋ, ಕೆಳಗಿನ ಮನೆಯ ಬೆಡ್‌ರೂಮಿನ ಕಡೆಗೋ ಅನ್ನೋದಷ್ಟೇ ಪ್ರಶ್ನೆ. ಈ ಮೂರು ದಾರಿಗಳಲ್ಲಿ ಯಾವುದು ಯಾರಿಗೆ ಸರಿ, ಒಂದೊಂದಕ್ಕೂ ಎಷ್ಟು ವಾಟ ಬೇಕು, ಅದನ್ನು ಲೆಕ್ಕ ಹಾಕೋದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಗೋವಾದಲ್ಲಿ ಹಳೆಯ ಮನೆ ಇರುವವರಿಗೆ ಹಂಚಿನ ಲೆಕ್ಕವೂ ಇದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಡಿಗ್ರಿ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ, ನೀರು ಎಷ್ಟು ದೂರ ಓಡಬೇಕು ಅಂತ ನೋಡಿ. ದೂರ ಕಡಿಮೆ ಮಾಡಿದರೆ ವಾಟದ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲು ಭಾಷೆ ಒಂದಾಗಲಿ

ಇಂಜಿನಿಯರ್ ನೂರಕ್ಕೆ ಒಂದು ಅನ್ನುತ್ತಾನೆ. ಮೇಸ್ತ್ರಿ ಅಡಿಗೆ ಇಷ್ಟು ಇಂಚು ಅನ್ನುತ್ತಾನೆ. ಶೀಟಿನ ಅಂಗಡಿಯವನು ಡಿಗ್ರಿ ಅನ್ನುತ್ತಾನೆ. ಹೇಳುವುದು ಒಂದೇ ವಿಷಯ. ಏರುವ ಎತ್ತರವನ್ನು ಅಡ್ಡದ ದೂರದಿಂದ ಭಾಗಿಸಿದರೆ ವಾಟ. ಅದನ್ನು ನೂರರಿಂದ ಗುಣಿಸಿದರೆ ಶೇಕಡಾ. ಭಾಗಿಸಿ ಬಂದ ಸಂಖ್ಯೆಗೆ ಫೋನಿನ ಕ್ಯಾಲ್ಕುಲೇಟರಿನಲ್ಲಿ ಉಲ್ಟಾ ಟ್ಯಾನ್ (tan⁻¹) ಒತ್ತಿದರೆ ಡಿಗ್ರಿ.

| ವಾಟ | ಮೀಟರಿಗೆ ಇಳಿತ | ಶೇಕಡಾ | ಡಿಗ್ರಿ |
|---|---|---|---|
| 1:100 | 10 ಮಿ.ಮೀ. | 1 | 0.57 |
| 1:80 | 12.5 ಮಿ.ಮೀ. | 1.25 | 0.72 |
| 1:60 | 17 ಮಿ.ಮೀ. | 1.67 | 0.95 |
| 1:40 | 25 ಮಿ.ಮೀ. | 2.5 | 1.43 |
| – | 176 ಮಿ.ಮೀ. | 17.6 | 10 |
| – | 577 ಮಿ.ಮೀ. | 57.7 | 30 |

ಇಂಚಿನಲ್ಲಿ ಮಾತಾಡುವ ಮೇಸ್ತ್ರಿಗೆ ಅಡಿಗೆ ಕಾಲಿಂಚು ಅಂದರೆ 1:48. ಅಡಿಗೆ ಅರೆಕಾಲಿಂಚು ಅಂದರೆ 1:96, ಹೆಚ್ಚುಕಡಿಮೆ ನೂರಕ್ಕೆ ಒಂದು. ಶೇಕಡಾ 10ಕ್ಕೂ 10 ಡಿಗ್ರಿಗೂ ಹತ್ತಿರ ಹತ್ತಿರ ಎರಡರಷ್ಟು ವ್ಯತ್ಯಾಸ ಇದೆ, ಗಮನಿಸಿ. ಶೀಟಿನ ಕೊಟೇಶನ್ನಿನಲ್ಲಿ ಬರೀ "10" ಅಂತ ಬರೆದಿದ್ದರೆ ಯಾವ ಹತ್ತು ಅಂತ ಕೇಳಿಬಿಡಿ.

ಟೆರೇಸಿನ ಕೋಬಾ: ಇಲ್ಲಿ ವಾಟ ಅಂದರೆ ತೂಕ

ಮುಂಬೈಯ ಹಳೆಯ ಕಟ್ಟಡಗಳಲ್ಲಿ ಬಹುಪಾಲು ಇರುವುದು ಇಟ್ಟಿಗೆ ಚೂರಿನ ಕೋಬಾ. ಸ್ಲ್ಯಾಬಿನ ಮೇಲೆ ಗಾರೆ, ಅದರ ಮೇಲೆ ಇಟ್ಟಿಗೆ ಚೂರು, ಮತ್ತೆ ಗಾರೆ, ಮೇಲೆ ಸಿಮೆಂಟ್ ಗೆರೆ ಎಳೆದದ್ದೋ ಬಿಳಿ ಟೈಲ್ಸ್ ಚೂರಿನ ಚೈನಾ ಮೊಸಾಯಿಕ್ಕೋ. ನೀರು ತಡೆಯುವುದೂ ಅದೇ, ವಾಟ ಕೊಡುವುದೂ ಅದೇ. ಸಾಮಾನ್ಯವಾಗಿ 1:100 ಇಟ್ಟುಕೊಳ್ಳುತ್ತಾರೆ. ಮುಂಬೈಗೆ 1:80 ಇದ್ದರೆ ನನಗೆ ಹೆಚ್ಚು ಸಮಾಧಾನ. ಯಾಕೆಂದರೆ ಕೈಕೆಲಸದಲ್ಲಿ ಅಲ್ಲಲ್ಲಿ ನಾಲ್ಕೈದು ಮಿ.ಮೀ. ಹೆಚ್ಚುಕಮ್ಮಿ ಆಗೇ ಆಗುತ್ತದೆ. ಮೀಟರಿಗೆ ಹತ್ತೇ ಮಿ.ಮೀ. ಇಳಿತ ಇರುವಲ್ಲಿ ಐದು ತಪ್ಪಿದರೆ ನೀರು ನಿಂತುಬಿಡುತ್ತದೆ.

ಹಾಗಾದರೆ 1:60 ಕೊಟ್ಟುಬಿಡೋಣ, ಏನು ಕಷ್ಟ? ಕಷ್ಟ ತೂಕದ್ದು. ಒಂದು ಲೆಕ್ಕ ಮಾಡೋಣ.

ಟೆರೇಸು 12 ಮೀಟರ್ ಉದ್ದ, 8 ಮೀಟರ್ ಅಗಲ ಅಂದುಕೊಳ್ಳಿ. ನೀರಿನ ಪೈಪುಗಳೆಲ್ಲ ಒಂದೇ ತುದಿಯಲ್ಲಿವೆ. ನೀರು 12 ಮೀಟರ್ ಓಡಬೇಕು. ಪೈಪಿನ ಹತ್ತಿರ ಕೋಬಾ 50 ಮಿ.ಮೀ. ದಪ್ಪ ಅಂತ ಹಿಡಿಯೋಣ. 1:100 ವಾಟಕ್ಕೆ ಎದುರಿನ ತುದಿಯಲ್ಲಿ ಇನ್ನೂ 120 ಮಿ.ಮೀ. ಸೇರಬೇಕು. ಸರಾಸರಿ ದಪ್ಪ 110 ಮಿ.ಮೀ. ಒಟ್ಟು ಸುಮಾರು 10.5 ಘನ ಮೀಟರ್ ಮಾಲು. ಘನ ಮೀಟರಿಗೆ 1,900 ಕಿಲೋ ಹಿಡಿದರೂ ಸ್ಲ್ಯಾಬಿನ ಮೇಲೆ 20 ಟನ್. ಅದೇ ಟೆರೇಸಿಗೆ 1:60 ಕೊಟ್ಟರೆ ಸರಾಸರಿ ದಪ್ಪ 150 ಮಿ.ಮೀ., ತೂಕ 27 ಟನ್ ದಾಟುತ್ತದೆ.

ಈಗ ವಾಟವನ್ನು ಬಿಟ್ಟು ದೂರವನ್ನು ಬದಲಿಸಿ. ನಡುವೆ ಬೆನ್ನು ಎಬ್ಬಿಸಿ, ಎರಡೂ ತುದಿಗೆ ಪೈಪು ಕೊಡಿ. ನೀರು ಓಡಬೇಕಾದದ್ದು 6 ಮೀಟರ್ ಮಾತ್ರ. ಈಗ 1:80 ಕೊಟ್ಟರೂ ಬೆನ್ನಿನ ಹತ್ತಿರ 75 ಮಿ.ಮೀ. ಏರಿದರೆ ಸಾಕು. ಸರಾಸರಿ ದಪ್ಪ 88 ಮಿ.ಮೀ., ತೂಕ ಸುಮಾರು 16 ಟನ್. ವಾಟ ಜಾಸ್ತಿ ಆಯಿತು, ಭಾರ ನಾಲ್ಕು ಟನ್ ಇಳಿಯಿತು. ಹೆಚ್ಚುವರಿ ಖರ್ಚು ಎರಡು ಪೈಪಿನದು. ಪೈಪಿಗೆ ಹೊರಗೋಡೆಯಲ್ಲಿ ಜಾಗ ಸಿಗಲಿಲ್ಲ ಅನ್ನುವುದೊಂದೇ ಇದಕ್ಕೆ ಒಪ್ಪಬಹುದಾದ ನೆಪ.

ಪೈಪು ಎಷ್ಟು ಬೇಕು ಅನ್ನೋದಕ್ಕೂ ಲೆಕ್ಕ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಗಂಟೆಗೆ 100 ಮಿ.ಮೀ. ಸುರಿದರೆ ನಮ್ಮ 96 ಚದರ ಮೀಟರಿನ ಟೆರೇಸಿನ ಮೇಲೆ ಗಂಟೆಗೆ 9,600 ಲೀಟರ್. ಬೇಸಿಗೆಯಲ್ಲಿ ಸೊಸೈಟಿಗೆ ತರಿಸುವ ದೊಡ್ಡ ಟ್ಯಾಂಕರನ್ನು ಗಂಟೆಗೊಂದರಂತೆ ಟೆರೇಸಿನ ಮೇಲೆ ಖಾಲಿ ಮಾಡಿದ ಹಾಗೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದ ಪ್ರಕಾರ ಈ ಮಳೆಗೆ 4 ಇಂಚಿನ ಒಂದು ಪೈಪು ಸುಮಾರು 42 ಚದರ ಮೀಟರಿನ ನೀರು ಎಳೆಯುತ್ತದೆ. ಮಳೆ ಗಂಟೆಗೆ 150 ಮಿ.ಮೀ. ಆದರೆ 28 ಚದರ ಮೀಟರ್ ಮಾತ್ರ. ಅಂದರೆ ಮೊದಲನೆಯದಕ್ಕೆ ಮೂರು ಪೈಪು, ಎರಡನೆಯದಕ್ಕೆ ನಾಲ್ಕು. ಮುಂಬೈಯಲ್ಲಿ ನಾಲ್ಕೇ ಇರಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿದ ಊರು ಇದು. ಅಂಥ ದಿನಕ್ಕೆ ಲೆಕ್ಕ ಹಾಕಿ ಯಾರೂ ಮನೆ ಕಟ್ಟೋದಿಲ್ಲ. ಆದರೆ ಒಂದು ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕೂತರೂ ಉಳಿದ ಮೂರು ಕೆಲಸ ಮಾಡುತ್ತಿರಬೇಕು, ಅಲ್ವಾ?

ಪೈಪಿನ ಬಾಯಿಯ ಸುತ್ತ ಸುಮಾರು 45 ಸೆಂ.ಮೀ. ಚೌಕ ಜಾಗವನ್ನು ಉಳಿದದ್ದಕ್ಕಿಂತ ಇನ್ನೊಂದಿಷ್ಟು ತಗ್ಗಿಸಲು ಹೇಳಿ. ಇದನ್ನು ಮಾಡದೆ ಬಿಟ್ಟ ಟೆರೇಸಿನಲ್ಲಿ ಪೈಪಿನ ಬಾಯೇ ಸುತ್ತಲಿಗಿಂತ ಎತ್ತರದಲ್ಲಿರುತ್ತದೆ. ನೀರು ಅಲ್ಲಿಯ ತನಕ ಬಂದು, ಒಳಗೆ ಹೋಗದೆ, ಸುತ್ತ ನಿಂತಿರುತ್ತದೆ. ಸುತ್ತ ಕಪ್ಪು ಪಾಚಿ ಉಂಗುರದ ಥರ ಕಟ್ಟಿದ್ದರೆ ಕಾರಣ ಇದೇ.

ಕೋಬಾದ ಬಗ್ಗೆ ಇನ್ನೊಂದು ಮಾತು, ಇದರಲ್ಲಿ ನಾನು ಹಟಮಾರಿ. ಹಳೆಯ ಕೋಬಾದ ಮೇಲೆ ಹೊಸ ಕೋಬಾ ಹಾಕಿಸಲೇಬೇಡಿ. ಒಡೆದು, ಗೋಣಿಯಲ್ಲಿ ತುಂಬಿ, ನಾಲ್ಕು ಮಹಡಿ ಇಳಿಸುವ ಕೂಲಿ ಉಳಿಯುತ್ತೆ ಅಂತ ಕಾಂಟ್ರಾಕ್ಟರ್ ಸಲಹೆ ಕೊಡುತ್ತಾನೆ. ಮೇಲಿನ ಲೆಕ್ಕ ನೋಡಿದಿರಲ್ಲ, 16 ಟನ್ನಿನ ಮೇಲೆ ಇನ್ನೊಂದು 16 ಟನ್ ಬಂದು ಕೂರುತ್ತದೆ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಟೆರೇಸಿಗೆ ಕೈ ಹಾಕುವ ಮುಂಚೆ ಆ ವರದಿ ತೆಗೆದು ನೋಡಿ.

ಕೋಟಿಂಗ್: ಇದು ವಾಟವನ್ನು ಸರಿಮಾಡುವುದಿಲ್ಲ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಷ್ಷಿನಲ್ಲಿ ಬಳಿಯುವ ಒಂದೆರಡು ಮಿ.ಮೀ. ಪದರಕ್ಕೆ ವಾಟ ಇರುವುದಿಲ್ಲ, ಕೆಳಗಿನ ನೆಲದ ತಗ್ಗುದಿಣ್ಣೆ ಹಾಗೇ ಉಳಿಯುತ್ತದೆ. ನೀರು ನಿಲ್ಲುವ ಜಾಗದಲ್ಲಿ ಅಕ್ರಿಲಿಕ್ ಕೋಟಿಂಗ್ ಮೆತ್ತಗಾಗಿ ಸಿಪ್ಪೆ ಏಳುತ್ತದೆ. ಪಾಲಿಯುರಿಥೇನ್ ಹೆಚ್ಚು ತಾಳಿಕೊಳ್ಳುತ್ತದೆ, ಬೆಲೆಯೂ ಹಾಗೇ ಇದೆ. ವಾಟ ಸರಿ ಇದ್ದು ಬರೀ ಕೂದಲೆಳೆ ಬಿರುಕು ಬಿಟ್ಟ ಟೆರೇಸಿಗೆ ಇದು ಒಳ್ಳೆಯ ದಾರಿ. ಅಲ್ಲಲ್ಲಿ ನೀರು ನಿಲ್ಲುತ್ತಿದ್ದರೆ ಮೊದಲು ಆ ತಗ್ಗುಗಳನ್ನು ತುಂಬಿಸಿ, ಆಮೇಲೆ ಬಳಿಸಿ.

ಪುಣೆಯವರಿಗೆ ಈ ದಾರಿ ಹೆಚ್ಚು ಒಗ್ಗುತ್ತದೆ. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಪುಣೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಮುಂಬೈಗೆ 2,200ಕ್ಕೂ ಜಾಸ್ತಿ, ಗೋವಾಕ್ಕೆ 3,000ದ ಆಸುಪಾಸು. ಪುಣೆಯಲ್ಲಿ 1:100 ವಾಟ, ಮೇಲೆ ಬಿಳಿ ಕೋಟಿಂಗ್ ಇದ್ದರೆ ಮಳೆಗೂ ಆಯಿತು, ಬೇಸಿಗೆಯ ಬಿಸಿಲಿಗೂ ಆಯಿತು. ಆದರೆ ಪೈಪಿನಲ್ಲಿ ಮಾತ್ರ ಕಂಜೂಸ್ ಮಾಡಬೇಡಿ. ವರ್ಷದ ಒಟ್ಟು ಮಳೆ ಕಡಿಮೆ ಇದ್ದರೂ ಒಂದು ಗಂಟೆಯ ಜಡಿಮಳೆ ಅಲ್ಲೂ ಜೋರೇ.

ಪತ್ರಾ: ಎಷ್ಟು ಡಿಗ್ರಿ, ಎಷ್ಟು ಎತ್ತರ

ಪತ್ರಾ ಹಾಕಿದರೆ ನೀರು ಸ್ಲ್ಯಾಬನ್ನು ಮುಟ್ಟುವುದೇ ಇಲ್ಲ. ಮೇಲಿನ ಮಹಡಿಯ ಸೆಖೆಯೂ ಇಳಿಯುತ್ತದೆ. ಕೋಬಾಕ್ಕೆ ಹೋಲಿಸಿದರೆ ಭಾರ ಏನೂ ಇಲ್ಲ. ಹಾಗಂತ ಸುಮ್ನೆ ಕಂಬ ನಿಲ್ಲಿಸಿಬಿಡಬೇಡಿ. ಪಾಲಿಕೆಯ ಅನುಮತಿ ಇಲ್ಲದೆ ಎಬ್ಬಿಸಿದ ಶೆಡ್ಡನ್ನು ಕೆಡವಿಸಬಹುದು. ಮೊದಲು ವಾರ್ಡ್ ಕಚೇರಿ, ಆಮೇಲೆ ವೆಲ್ಡಿಂಗ್.

ಇಲ್ಲಿ ವಾಟ ಡಿಗ್ರಿಯಲ್ಲಿ. ಶೆಡ್ಡಿನ ಅಗಲ 3 ಮೀಟರ್, ಅಂದರೆ ಹತ್ತಡಿ ಅಂದುಕೊಳ್ಳಿ. 5 ಡಿಗ್ರಿಗೆ ಎತ್ತರದ ಬದಿಯ ಕಂಬ 26 ಸೆಂ.ಮೀ. ಜಾಸ್ತಿ ಇರಬೇಕು. 10 ಡಿಗ್ರಿಗೆ 53 ಸೆಂ.ಮೀ. 15 ಡಿಗ್ರಿಗೆ 80 ಸೆಂ.ಮೀ. ಶೀಟಿನ ಉದ್ದದಲ್ಲಿ ವ್ಯತ್ಯಾಸ ತೀರಾ ಕಡಿಮೆ. 10 ಡಿಗ್ರಿಗೆ 3.05 ಮೀಟರ್, 15 ಡಿಗ್ರಿಗೆ 3.11 ಮೀಟರ್. ಆದ್ದರಿಂದ "ವಾಟ ಜಾಸ್ತಿ ಮಾಡಿದರೆ ಮಾಲು ಜಾಸ್ತಿ ಬೇಕು ಸಾಬ್" ಅನ್ನೋದು ಇಲ್ಲಿ ನಡೆಯುವುದಿಲ್ಲ. ಜಾಸ್ತಿ ಆಗುವುದು ಕಂಬದ ಎತ್ತರ ಮಾತ್ರ.

ಮೇಲಿನಿಂದ ಕೆಳಗಿನ ತನಕ ಜೋಡಣೆಯಿಲ್ಲದ ಒಂದೇ ಉದ್ದದ ಶೀಟು ಆದರೆ 5 ಡಿಗ್ರಿಯಲ್ಲೂ ನೀರು ಹೋಗುತ್ತದೆ. ಎರಡು ಶೀಟು ಮೇಲೊಂದು ಕೆಳಗೊಂದು ಜೋಡಿಸಬೇಕಾಗಿ ಬಂದರೆ 10 ಡಿಗ್ರಿಗಿಂತ ಕೆಳಗೆ ಇಳಿಯಬೇಡಿ. ವಾಟ ಕಡಿಮೆ ಇದ್ದಲ್ಲಿ ನೀರು ನಿಧಾನ ಇಳಿಯುತ್ತದೆ, ಗಾಳಿ ಅದನ್ನು ಶೀಟಿನ ಜೋಡಣೆಯೊಳಗೆ ಹಿಂದಕ್ಕೆ ತಳ್ಳುತ್ತದೆ. 15 ಸೆಂ.ಮೀ. ಸಾಕಾಗುತ್ತಿದ್ದ ಜೋಡಣೆಗೆ ಅಲ್ಲಿ 20 ಸೆಂ.ಮೀ. ಮೇಲೆ ಬೇಕು, ನಡುವೆ ಸೀಲಂಟ್ ಪಟ್ಟಿಯೂ ಬೇಕು.

ಗಾಳಿಯ ವಿಷಯ ಇನ್ನೂ ಇದೆ. ಚಪ್ಪಟೆ ಶೆಡ್ಡನ್ನು ಗಾಳಿ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. 2020ರ ಜೂನ್ 3ರಂದು ಅಲಿಬಾಗಿನ ಹತ್ತಿರ ದಡ ಮುಟ್ಟಿದ ನಿಸರ್ಗ ಚಂಡಮಾರುತ, 2021ರ ಮೇ ತಿಂಗಳಲ್ಲಿ ಗೋವಾ ಮತ್ತು ಮುಂಬೈ ಕರಾವಳಿಯನ್ನು ಸವರಿಕೊಂಡು ಹೋದ ತೌಕ್ತೆ, ಇವೆರಡರ ನಂತರ ಪತ್ರಾ ಹಾಕುವವರು ಬೋಲ್ಟುಗಳನ್ನು ಎಣಿಸಿ ನೋಡಬೇಕು. ಅಂಚಿನ ಸಾಲು ಮತ್ತು ಮೂಲೆಗಳಲ್ಲಿ ಬೋಲ್ಟು ಒತ್ತೊತ್ತಾಗಿರಲಿ.

ಇನ್ನು ದಂಬೆ, ಅಂದರೆ ಶೀಟಿನ ಅಂಚಿನ ನೀರು ಹಿಡಿಯುವ ದೋಣಿ. ಶೀಟಿಗೆ ಹತ್ತು ಡಿಗ್ರಿ ಕೊಟ್ಟು ಕೆಳಗಿನ ದಂಬೆಯನ್ನು ಮಟ್ಟಸವಾಗಿ ಕೂರಿಸಿದ ಶೆಡ್ಡುಗಳು ಮುಂಬೈ ತುಂಬ ಇವೆ. ನೀರು ದಂಬೆಯ ನಡುವಿನಿಂದಲೇ ಉಕ್ಕಿ ಕೆಳಗಿನ ಮನೆಯ ಕಿಟಕಿಗೆ ಬೀಳುತ್ತದೆ. ದಂಬೆಗೆ ಮೀಟರಿಗೆ 5 ಮಿ.ಮೀ. ಇಳಿತ ಕೊಡಿ. ಉದ್ದ ಜಾಸ್ತಿ ಇದ್ದರೆ ನಡುವಿನಿಂದ ಎರಡೂ ಕಡೆಗೆ ಇಳಿಸಿ.

ಗೋವಾದ ಹಂಚು: ಐದಕ್ಕೆ ಮೂರು

ವಾಸ್ಕೋದಲ್ಲಿರುವ ನಮ್ಮ ಭಾವ ಫೋಂಡಾದ ಕಡೆ ಒಂದು ಹಳೆಯ ಹಂಚಿನ ಮನೆ ತೆಗೆದುಕೊಂಡಿದ್ದಾರೆ. ಜಂತಿ, ರೀಪು ಎಲ್ಲ ಬದಲಿಸುವಾಗ ಅಲ್ಲಿಯ ಬಡಗಿಗೆ ನಾನು "ಎಷ್ಟು ಡಿಗ್ರಿ ಇಡ್ತೀರಿ?" ಅಂತ ಕೇಳಿದೆ. ಆತ ನನ್ನ ಮುಖ ನೋಡಿ, ಒಂದು ಹಲಗೆಯ ಚೂರಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡಕ್ಕೆ ಐದು ಗೆರೆ, ಉದ್ದಕ್ಕೆ ಮೂರು ಗೆರೆ ಹಾಕಿ, ತುದಿಗಳನ್ನು ಜೋಡಿಸಿದ. ಭಾವ ನಕ್ಕರು: "ನಿನ್ನ ಡಿಗ್ರಿ ಮುಂಬೈಲೇ ಇಟ್ಕೋ ಮಾರಾಯ." ಮನೆಗೆ ಬಂದು ಲೆಕ್ಕ ಹಾಕಿದರೆ ಐದಕ್ಕೆ ಮೂರು ಅಂದರೆ 31 ಡಿಗ್ರಿ. ಮಂಗಳೂರು ಹಂಚಿಗೆ ಹೇಳಿ ಮಾಡಿಸಿದ್ದು.

ಈ ಹಂಚನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಶುರುಮಾಡಿದರು. ಒಂದರ ಅಂಚು ಇನ್ನೊಂದರ ಕಾಲುವೆಯೊಳಗೆ ಕೂರುತ್ತದೆ. ಆ ಕಾಲುವೆಯ ಆಳ ತೀರಾ ಕಡಿಮೆ. ವಾಟ 25 ಡಿಗ್ರಿಗಿಂತ ಇಳಿದರೆ ಗಾಳಿಮಳೆಯಲ್ಲಿ ನೀರು ಕಾಲುವೆ ದಾಟಿ ಒಳಗೆ ಹನಿಯುತ್ತದೆ. 35ಕ್ಕಿಂತ ಜಾಸ್ತಿಯಾದರೆ ಹಂಚನ್ನು ರೀಪಿಗೆ ತಂತಿಯಿಂದ ಕಟ್ಟುವುದು ಒಳ್ಳೆಯದು, ಮರವೂ ಹೆಚ್ಚು ಬೇಕು. ಮನೆಯ ಅಗಲ 6 ಮೀಟರ್ ಆದರೆ ನಡುವಿನ ತನಕ 3 ಮೀಟರ್. 25 ಡಿಗ್ರಿಗೆ ಮಾಡಿನ ನೆತ್ತಿ 1.40 ಮೀಟರ್ ಏರುತ್ತದೆ. 30ಕ್ಕೆ 1.73. 35ಕ್ಕೆ 2.10. ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುತ್ತದೆ. ಅಳೆಯಬೇಕಾದದ್ದು ಇಳಿಜಾರಿನ ಉದ್ದವನ್ನು, ನೆಲದ ಅಗಲವನ್ನಲ್ಲ. 30 ಡಿಗ್ರಿಯಲ್ಲಿ ನೆಲದ ಲೆಕ್ಕಕ್ಕಿಂತ ಶೇಕಡಾ 15ರಷ್ಟು ಹಂಚು ಜಾಸ್ತಿ ಬೇಕು.

ಹಂಚಿನ ಮನೆಗೆ ಸೋರಿಕೆ ಅಂತ ಬಂದವರು ಮೊದಲು ವಾಟವನ್ನು ದೂರುತ್ತಾರೆ. ಹಳೆಯ ಮನೆಗಳಲ್ಲಿ ವಾಟ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ನಡುವೆ ಜಂತಿ ಬಾಗಿ ಮಾಡು ಹೊಟ್ಟೆ ಬಿಟ್ಟಿರುತ್ತದೆ, ಆ ಜಾಗದಲ್ಲಿ ಮಾತ್ರ ವಾಟ ಇಪ್ಪತ್ತಕ್ಕೆ ಇಳಿದಿರುತ್ತದೆ. ಹಂಚು ಬದಲಿಸಿದರೆ ಏನೂ ಆಗದು, ಜಂತಿ ಬದಲಿಸಬೇಕು. ಹಂಚಿನ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸುವುದು ಒಂದು ಮಳೆಗಾಲಕ್ಕೆ ಸರಿ. ವರ್ಷಾನುಗಟ್ಟಲೆ ಬಿಟ್ಟರೆ ಒಳಗಿನ ಮರ ಬೆವೆತು ಕೊಳೆಯುತ್ತದೆ.

ಬಾತ್‌ರೂಮು ಮತ್ತು ಪೈಪು

ಬಾತ್‌ರೂಮಿನಲ್ಲಿ ಆಯ್ಕೆ ಎರಡು. ನಡುವೆಯೋ ಮೂಲೆಯಲ್ಲೋ ಒಂದು ನಾಹ್ನಿ ಟ್ರ್ಯಾಪ್ (ನೆಲದ ನೀರು ಇಳಿಯುವ ಬಾಯಿ), ಅಥವಾ ಗೋಡೆಯುದ್ದಕ್ಕೂ ಒಂದು ಉದ್ದನೆಯ ಜಾಲಿ. ಒಂದೇ ಟ್ರ್ಯಾಪ್ ಇದ್ದರೆ ನೆಲ ಎಲ್ಲ ಕಡೆಯಿಂದ ಅದರ ಕಡೆಗೆ ಬಾಗಬೇಕು. ಎರಡಡಿ ಟೈಲ್ಸಿನಲ್ಲಿ ಇದು ಆಗುವುದಿಲ್ಲ, ಒಂದು ಮೂಲೆ ಎದ್ದೇ ನಿಲ್ಲುತ್ತದೆ. ಒಂದಡಿ ಟೈಲ್ಸ್ ಹಾಕಿ, ಇಲ್ಲವೇ ಉದ್ದ ಜಾಲಿ ಹಾಕಿಸಿ, ಆಗ ನೆಲ ಒಂದೇ ದಿಕ್ಕಿಗೆ ಬಾಗಿದರೆ ಸಾಕು. ವಾಟ 1:80, ಸ್ನಾನ ಮಾಡುವ ಜಾಗದಲ್ಲಿ 1:60. ಏಳಡಿ ಉದ್ದಕ್ಕೆ 1:80 ಅಂದರೆ 27 ಮಿ.ಮೀ. ಬಾಗಿಲ ಹೊಸ್ತಿಲು ಅದಕ್ಕೆ ತಕ್ಕಷ್ಟು ಎತ್ತರ ಇದೆಯಾ ಅಂತ ಟೈಲ್ಸ್ ತರುವ ಮುಂಚೆಯೇ ನೋಡಿ. ವಯಸ್ಸಾದವರು ಇರುವ ಮನೆಯಲ್ಲಿ ಇದಕ್ಕಿಂತ ಜಾಸ್ತಿ ವಾಟ ಬೇಡ, ಕಾಲು ಜಾರುತ್ತದೆ.

ಕೊಳಚೆ ಪೈಪಿಗೆ ಹಳೆಯ ಒಂದು ಸೂತ್ರ ಇದೆ, ಮ್ಯಾಗ್ವೈರ್ ನಿಯಮ ಅಂತ. ಪೈಪಿನ ಇಂಚನ್ನು ಹತ್ತರಿಂದ ಗುಣಿಸಿ. 4 ಇಂಚಿಗೆ 1:40, 6 ಇಂಚಿಗೆ 1:60, 9 ಇಂಚಿಗೆ 1:90. ಕಮೋಡಿನಿಂದ ಹೊರಗಿನ ಪೈಪಿಗೆ 3 ಮೀಟರ್ ಇದ್ದರೆ 75 ಮಿ.ಮೀ. ಇಳಿಯಬೇಕು. ಕಮೋಡನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಬೇಕು ಅಂತ ಆಸೆಪಡುವವರು ನೆಲದ ಕೆಳಗೆ ಅಷ್ಟು ಜಾಗ ಇದೆಯಾ ಅಂತ ಮೊದಲು ಅಗೆದು ನೋಡಲಿ.

ಅಳೆಯುವುದು ಹೇಗೆ

ಫೋನಿನ ಲೆವೆಲ್ ಪತ್ರಾಕ್ಕೂ ಹಂಚಿಗೂ ಸಾಕು. ಟೆರೇಸಿಗೆ ಬೇಡ. 1:100ಕ್ಕೂ 1:80ಕ್ಕೂ ವ್ಯತ್ಯಾಸ 0.15 ಡಿಗ್ರಿಯಷ್ಟೇ. ಕ್ಯಾಮೆರಾ ಉಬ್ಬಿದ ಫೋನನ್ನು ಒರಟು ಸಿಮೆಂಟಿನ ಮೇಲಿಟ್ಟರೆ ಅದಕ್ಕಿಂತ ಜಾಸ್ತಿ ತಪ್ಪು ಬರುತ್ತದೆ.

ಒಂದು ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ, ಮೇಲೆ ಸ್ಪಿರಿಟ್ ಲೆವೆಲ್. ತಗ್ಗಿನ ತುದಿಯ ಕೆಳಗೆ 10 ಮಿ.ಮೀ. ದಪ್ಪದ ಟೈಲ್ಸ್ ಚೂರು ಇಡಿ. ಗುಳ್ಳೆ ನಡುವೆ ನಿಂತರೆ ವಾಟ 1:100. ಗುಳ್ಳೆ ಟೈಲ್ಸಿನ ತುದಿಗೆ ಸರಿದರೆ ವಾಟ ಸಾಲದು. ದೂರದ ಎರಡು ಮೂಲೆಗಳಿಗೆ ಮೇಸ್ತ್ರಿಯ ಪಾರದರ್ಶಕ ನೀರಿನ ಟ್ಯೂಬೇ ಒಳ್ಳೆಯದು. ಅದರೊಳಗೆ ಗಾಳಿ ಗುಳ್ಳೆ ಇರಬಾರದು ಅಷ್ಟೇ.

ಹಳೆಯ ಟೆರೇಸಿನ ತಗ್ಗು ಕಂಡುಹಿಡಿಯಲು ಮಳೆ ನಿಂತ ಒಂದು ಗಂಟೆಗೆ ಸೀಮೆಸುಣ್ಣ ಹಿಡಿದು ಮೇಲೆ ಹೋಗಿ. ನಿಂತ ನೀರಿನ ಅಂಚಿಗೆ ಗೆರೆ ಎಳೆಯಿರಿ, ನಡುವೆ ಸ್ಕೇಲ್ ಇಟ್ಟು ಆಳ ಬರೆಯಿರಿ, ಫೋಟೋ ತೆಗೆಯಿರಿ. ನೆಲ ಒಣಗಿದ ಮೇಲೆ ಯಾವ ಕಾಂಟ್ರಾಕ್ಟರೂ ತಗ್ಗು ಒಪ್ಪಿಕೊಳ್ಳುವುದಿಲ್ಲ. ಆ ಫೋಟೋ ಕೈಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಕೆಲಸದ ಆರ್ಡರಿನಲ್ಲಿ "ಪ್ರಾಪರ್ ಸ್ಲೋಪ್" ಅಂತ ಬರೆದಿದ್ದರೆ ಹೊಡೆದುಹಾಕಿಸಿ. ಬೆನ್ನಿನ ಮೇಲೆ ಇಷ್ಟು ಮಿ.ಮೀ. ದಪ್ಪ, ಪೈಪಿನ ಬಾಯಲ್ಲಿ ಇಷ್ಟು, ನಡುವೆ ಇಂತಿಷ್ಟು ಕಡೆ ಅಳತೆ ಅಂತ ಬರೆಸಿ. ಕೊನೆಯ ಕಂತನ್ನು ನೀರಿನ ಪರೀಕ್ಷೆ ಆದ ಮೇಲೆ ಕೊಡಿ. ಪೈಪಿನ ಬಾಯಿ ಮುಚ್ಚಿ 48ರಿಂದ 72 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಿ, ಆಮೇಲೆ ಬಾಯಿ ತೆರೆದು ಎಲ್ಲಿ ನೀರು ಉಳಿಯುತ್ತೆ ಅಂತ ನೋಡಿ. ಮುಂಬೈಗೆ ಮಳೆಗಾಲ ಬರುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತ್ತು. ಈ ಪರೀಕ್ಷೆಯೂ ಸೇರಿ ಎಲ್ಲ ಕೆಲಸಕ್ಕೆ ಮೇ 15ರ ಗಡುವು ಹಾಕಿ, ತಡವಾದರೆ ದಿನಕ್ಕೆ ಇಷ್ಟು ದಂಡ ಅಂತ ಆರ್ಡರಿನಲ್ಲೇ ಬರೆಸಿಬಿಡಿ.